ಯುದ್ಧಕ್ಕೆ ಪೋಲೀಸರ ಹೆಸರು

ಸೊಲ್ಲಾಪುರದಿಂದ ಹೈದರಾಬಾದಿನ ಹೆದ್ದಾರಿ ಹಿಡಿದು ಸುಮಾರು 45 ಕಿಲೋಮೀಟರು ಹೋದರೆ ನಳದುರ್ಗದ ಕೋಟೆ ಕಾಣಿಸುತ್ತದೆ. ಅದರ ಬುಡದಲ್ಲಿ ಬೋರಿ ನದಿ. 1948ನೆಯ ಸೆಪ್ಟೆಂಬರ್ 13ರಂದು ಭಾರತೀಯ ಸೇನೆಯ ಒಂದನೆಯ ಆರ್ಮರ್ಡ್ ಡಿವಿಜನ್, ಎಂದರೆ ಟ್ಯಾಂಕುಪಡೆಯೇ ಮುಖ್ಯವಾಗಿರುವ ಸೇನಾವಿಭಾಗವು, ಮೇಜರ್ ಜನರಲ್ ಜೆ. ಎನ್. ಚೌಧರಿಯವರ ನೇತೃತ್ವದಲ್ಲಿ ಇದೇ ದಾರಿಯಿಂದ ನಿಜಾಮನ ರಾಜ್ಯವನ್ನು ಹೊಕ್ಕಿತು. ಬೋರಿಯ ಸೇತುವೆಯನ್ನು ಎದುರಾಳಿಗಳು ಕೆಡಹುವ ಮೊದಲೇ ಸೈನಿಕರು ಅದನ್ನು ವಶಪಡಿಸಿಕೊಂಡು ನಳದುರ್ಗವನ್ನು ಹಿಡಿದರು. ಅಲ್ಲಿಂದ ಮುಂದೆ ಜಳಕೋಟ, ಉಮರ್ಗಾ, ರಾಜೇಶ್ವರ, ಜಹೀರಾಬಾದು. 17ರ ಸಂಜೆ ನಿಜಾಮನು ಕದನವಿರಾಮವನ್ನು ಸಾರಿದನು. ಮರುದಿನ ಅವನ ಸೇನಾಪತಿ ಎಲ್ ಎದ್ರೂಸರು ಚೌಧರಿಯವರಿಗೆ ಶರಣಾದರು. ಡಿವಿಜನ್ನಿನ ಕದನಚರಿತ್ರೆಯಲ್ಲಿ ಇದು ಕೆಲವೇ ದಿನಗಳ ಅಧ್ಯಾಯ.

ಇದನ್ನು ನಾವು ಯುದ್ಧವೆಂದು ಕರೆಯುವ ರೂಢಿಯಿಲ್ಲ. 'ಪೋಲೀಸ್ ಕಾರ್ಯಾಚರಣೆ' ಎನ್ನುತ್ತೇವೆ. ಆದರೆ ಆ ದಾರಿಯಲ್ಲಿ ಹೋದ ಪಡೆಯನ್ನು ನಾಲ್ಕು ತಂಡಗಳಾಗಿ ವಿಂಗಡಿಸಿ ಇಟ್ಟ ಹೆಸರುಗಳು ಸ್ಟ್ರೈಕ್, ಸ್ಮ್ಯಾಶ್, ಕಿಲ್ ಮತ್ತು ವೀರ್. ಮೊದಲಿನ ಮೂರಕ್ಕೆ ಹೊಡೆ, ಪುಡಿಮಾಡು, ಕೊಲ್ಲು ಎಂಬುದೇ ಅರ್ಥ. ಪೋಲೀಸರ ಬಳಿ ಟ್ಯಾಂಕುಗಳು ಎಲ್ಲಿಂದ ಬಂದವು ಎಂದು ತರಗತಿಯಲ್ಲಿ ಜಾಣ ಹುಡುಗನೊಬ್ಬನು ಎದ್ದು ಕೇಳಿದರೆ ಗುರುಗಳು ಏನು ಹೇಳಬೇಕು? ಹೆಸರು ಸುಳ್ಳೆಂದೆ?

ಸುಳ್ಳೆಂದುಬಿಡುವುದು ಸುಲಭ. ಆಗ ಹೈದರಾಬಾದಿನ ದೂರು ವಿಶ್ವಸಂಸ್ಥೆಯ ಭದ್ರತಾ ಸಮಿತಿಯವರೆಗೆ ಹೋಗಿದ್ದಿತು. ಯುದ್ಧವೆಂಬ ಮಾತನ್ನು ತಪ್ಪಿಸುವುದರಲ್ಲಿ ರಾಜಕೀಯದ ಲೆಕ್ಕಾಚಾರವೂ ಇದ್ದಿತು. ಆದರೂ ನಮಗೆ ಆ ಉತ್ತರ ಸಾಲದೆಂದು ತೋರುತ್ತದೆ. ಯುದ್ಧಕ್ಕೆ ಶತ್ರುವಿರುತ್ತಾನೆ, ಪೋಲೀಸನಿಗೆ ಶತ್ರುವೆಂಬುವನಿಲ್ಲ. ಅವನು ಹಿಡಿಯಹೋದ ಅಪರಾಧಿಯೂ ಅವನ ರಕ್ಷಣೆಗೇ ಸೇರಿದವನು. ಹೀಗಿರುವಾಗ 'ನಾವು ಬರುತ್ತಿರುವುದು ಪೋಲೀಸರಾಗಿ' ಎಂದು ಸಾರಿದ ಸೇನೆಯು, ಆಚೆಯವರೆಲ್ಲ ನಮ್ಮ ಪ್ರಜೆಗಳೇ, ಅವರ ಪ್ರಾಣ ನಮ್ಮ ಹೊಣೆ ಎಂಬ ಮಾತನ್ನೂ ಕೊಟ್ಟಂತಾಯಿತು. ಹೆಸರು ಸುಳ್ಳೋ ನಿಜವೋ ಎಂಬುದಕ್ಕಿಂತ ಆ ಹೆಸರಿನ ಸಾಲ ತೀರಿತೋ ಇಲ್ಲವೋ ಎಂಬುದು ಕಠಿಣವಾದ ಪ್ರಶ್ನೆ.

ಆಚೆಯವರು ನಮ್ಮವರೇ ಎಂಬುದನ್ನು ಅಕ್ಕಲಕೋಟೆಯ ಸೀಮೆಯಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಕ್ಕಲಕೋಟೆ ಸಂಸ್ಥಾನವು ಅದೇ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮಗ್ಗುಲಿನ ಆಳಂದ, ಅಫಜಲಪುರಗಳು ಮೊಗಲಾಯಿಯಲ್ಲಿ ಉಳಿದವು. ಗಡಿಯ ಎರಡೂ ಕಡೆ ಅದೇ ಕನ್ನಡ, ಅದೇ ಜೋಳದ ಹೊಲ, ಅದೇ ಬೀಗತನ. ರಜಾಕಾರರ ಹಾವಳಿಗೆ ಹೆದರಿ ಊರು ಬಿಟ್ಟವರು ಗಡಿ ದಾಟಿ ಈಚೆಗೆ ಬಂದರು. ಆ ವರ್ಷದ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯೆಯನ್ನು ನೆನೆದರೆ, ಸೇನೆ ಹೋಗಬಾರದಿತ್ತೆಂದು ಹೇಳಲು ನಮಗೆ ಬಾಯಿ ಬರುವುದಿಲ್ಲ. ಹೋದದ್ದು ಸರಿ. ನಮ್ಮ ವಿಚಾರ ಹೋದ ಮೇಲಿನದು.

ಸೊಲ್ಲಾಪುರವು ಸೇನೆಯ ಇನ್ನೊಂದು ಮುಖವನ್ನೂ ಕಂಡ ಊರು. 1930ರ ಮೇ ತಿಂಗಳಲ್ಲಿ ಬ್ರಿಟಿಷ್ ಸರಕಾರ ಇಲ್ಲಿ ಲಷ್ಕರೀ ಕಾಯಿದೆಯನ್ನು ಹೇರಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರ್ಡಾ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಒಂದೇ ದಿನ ಗಲ್ಲಿಗೇರಿಸಿದರು. ಅದಕ್ಕೂ ಸರಕಾರದ ಭಾಷೆಯಲ್ಲಿ ಶಾಂತಿಪಾಲನೆಯೆಂದೇ ಹೆಸರು. ಬಂದೂಕಿಗೆ ಇಟ್ಟ ಹೆಸರನ್ನು ಬಂದೂಕಿನ ಮುಂದೆ ನಿಂತವರ ಕಡೆಯಿಂದ ಪರೀಕ್ಷಿಸಬೇಕೆಂಬುದನ್ನು ಈ ಊರು ಅಂದೇ ಕಲಿತಿದ್ದಿತು.

1948ರಲ್ಲಿ ಆ ಪರೀಕ್ಷೆಯನ್ನು ನಡೆಸಿದವರು ಪಂಡಿತ ಸುಂದರಲಾಲರು. ನೆಹರೂ ಸರಕಾರವೇ ಕಳಿಸಿದ ಅವರ ಸಮಿತಿ ಹೈದರಾಬಾದು ಸಂಸ್ಥಾನದಲ್ಲಿ ಸಂಚರಿಸಿ ವರದಿ ಒಪ್ಪಿಸಿತು. ಕಾರ್ಯಾಚರಣೆಯ ಕಾಲದಲ್ಲಿಯೂ ಅನಂತರವೂ 27 ಸಾವಿರದಿಂದ 40 ಸಾವಿರ ಜನ ಸತ್ತರೆಂದು ಅದರ ಅಂದಾಜು. ಸತ್ತವರಲ್ಲಿ ಬಹುಪಾಲು ಮುಸಲ್ಮಾನರು. ಅತಿ ಹೆಚ್ಚು ನೊಂದವು ಉಸ್ಮಾನಾಬಾದ, ಕಲಬುರ್ಗಿ, ಬೀದರ, ನಾಂದೇಡ ಜಿಲ್ಲೆಗಳು. ಸೊಲ್ಲಾಪುರದ ನೆರೆಯವೂ ಡಿವಿಜನ್ನು ಹಾದುಹೋದವೂ ಇವುಗಳಲ್ಲಿವೆ. ಕೆಲವೆಡೆ ಸೈನಿಕರೂ ಪೋಲೀಸರೂ ಲೂಟಿಯಲ್ಲಿ ಕೈಗೂಡಿಸಿದರೆಂದು ಸಮಿತಿ ಬರೆಯಿತು. ಬಹುಕಾಲ ಮುಚ್ಚಿದ್ದ ಆ ವರದಿ 2013ರ ಹೊತ್ತಿಗೆ ಓದುವವರ ಕೈಗೆ ಸಿಕ್ಕಿತು.

'ರಜಾಕಾರರು ಬಿತ್ತಿದ್ದನ್ನು ಉಂಡರು' ಎನ್ನುವ ಮಾತು ಹಿರಿಯರ ಬಾಯಲ್ಲಿ ಕೇಳಿಬರುವುದುಂಟು. ಅವರು ಪಟ್ಟ ಪಾಡನ್ನು ಬಲ್ಲ ನಾವು ಅವರ ಸಿಟ್ಟನ್ನು ಹಳಿಯಲಾರೆವು. ಆದರೆ ಬಿತ್ತಿದವನೊಬ್ಬ, ಉಂಡವನು ಇನ್ನೊಬ್ಬ. ಸತ್ತ ರೈತನ ಮೇಲೆ ರಜಾಕಾರನ ಲೆಕ್ಕವನ್ನು ಬರೆಯುವುದು ಸೇಡಿನ ರೀತಿಯಾದೀತು, ಪೋಲೀಸರ ರೀತಿಯಾಗದು. ಯುದ್ಧ ಮಾಡಿದ ಸೇನೆಯ ಕೆಲಸ ಎದುರಾಳಿ ಶರಣಾದ ದಿನ ಮುಗಿಯುತ್ತದೆ; ಪೋಲೀಸರ ಕೆಲಸ ಅಂದು ಮೊದಲಾಗುತ್ತದೆ. ಡಿವಿಜನ್ನಿನ ಚರಿತ್ರೆ ಸೆಪ್ಟೆಂಬರ್ 18ಕ್ಕೆ ಪುಟ ಮುಚ್ಚಿದರೆ ಅದು ಯುದ್ಧದ ಚರಿತ್ರೆಯಾಗಿ ಪೂರ್ಣ. ತಾನೇ ಆರಿಸಿಕೊಂಡ ಹೆಸರಿಗೆ ಅಪೂರ್ಣ.

ಅದೇ ವರದಿಯಲ್ಲಿ ಮಗ್ಗದ ಊರಿನವರಾದ ನಾವು ಓದಲೇಬೇಕಾದ ಸಂಗತಿಯೊಂದಿದೆ. ಒಂದೇ ಕಸುಬಿನವರ ನಡುವಣ ನಂಟು ಆ ದಿನಗಳಲ್ಲಿಯೂ ಗಟ್ಟಿಯಾಗಿದ್ದಿತೆಂದು ಹೇಳುತ್ತ, ಕೆಲವು ಕಡೆ ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ಹಿಂದೂಗಳ ಗುಂಪಿನಿಂದಲೇ ಕಾಪಾಡಿದರೆಂದೂ, ಅದಕ್ಕಾಗಿ ಪ್ರಾಣವನ್ನೇ ತೆತ್ತವರೂ ಇದ್ದರೆಂದೂ ಸಮಿತಿ ದಾಖಲಿಸಿದೆ. ಅವರಿಗೆ ಸಮವಸ್ತ್ರವಿರಲಿಲ್ಲ, ಆ ದಿನಗಳಲ್ಲಿ ಪೋಲೀಸರ ಕೆಲಸವನ್ನು ಮಾಡಿದವರು ಅವರು.