ಸಾಕ್ಷಿಯ ‘ಆದರೆ’

ಆರ್.ಟಿ. ನಗರದ ಉದ್ಯಾನದಲ್ಲಿ ಬೆಳಗಿನ ತಿರುಗಾಟಕ್ಕೆ ಜೊತೆಯಾಗುವ ನಿವೃತ್ತ ಮೇಷ್ಟರೊಬ್ಬರು ತಿಂಗಳಿಗೊಮ್ಮೆಯಾದರೂ ಕೇಳುತ್ತಾರೆ: “ಅಲ್ಲ ವಕೀಲರೆ, ಕಳ್ಳನೆಂದು ಗೊತ್ತಿದ್ದೂ ಅವನ ಪರವಾಗಿ ಹೇಗೆ ನಿಲ್ಲುತ್ತೀರಿ? ರಾತ್ರಿ ನಿದ್ದೆ ಬರುತ್ತದೆಯೆ?”

ಬರುತ್ತದೆ. ಆಪಾದಿತನ ತಪ್ಪಿನ ಬಗ್ಗೆ ವಕೀಲನ ಸ್ವಂತ ಅಭಿಪ್ರಾಯ ಏನೇ ಇರಲಿ, ಅವನ ಪರ ವಾದಿಸಬೇಕೆಂಬುದು ಬಾರ್ ಕೌನ್ಸಿಲಿನ ನಿಯಮ. ನಾವೇ ಅದನ್ನು ಮರೆಯುವುದುಂಟೆನ್ನಿ. 2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯ ವಕೀಲರ ಸಂಘವು ದೇಶದ್ರೋಹದ ಆಪಾದನೆಗೊಳಗಾದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ನಿಲ್ಲಕೂಡದೆಂದು ನಿರ್ಣಯಿಸಿತು. ಇಂಥ ನಿರ್ಣಯಗಳಿಗೆ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿತ್ತು. ಆದರೂ ಬೆಂಗಳೂರಿನಿಂದ ಹೋದ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಿರೆಂದು ಹೈಕೋರ್ಟು ಹೇಳಬೇಕಾಯಿತು.

ನನ್ನ ನಿದ್ದೆ ಕೆಡಿಸುವ ಪ್ರಶ್ನೆಯನ್ನು ಮೇಷ್ಟರು ಇನ್ನೂ ಕೇಳಿಲ್ಲ.

ನಾನು ಕಿರಿಯನಾಗಿದ್ದಾಗ ಮೊದಲ ವರ್ಷವೆಲ್ಲ ಹಿರಿಯರ ಫೈಲು ಹೊತ್ತೆ, ಮುಂದಿನ ತಾರೀಖು ಬರೆದುಕೊಂಡೆ. ಆಮೇಲೆ ಪಾಟಿ ಸವಾಲಿನ ಪಾಠ. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬೇಡ; ‘ಏಕೆ’ ಎನ್ನಲೇಬೇಡ; ಬೇಕಾದದ್ದು ಬಂದೊಡನೆ ಕುಳಿತುಬಿಡು. (ಮನೆಯಲ್ಲಿ ಒಂದು ದಿನ ‘ಏಕೆ’ ಎನ್ನದೆ ಇದ್ದು ನೋಡಿ, ತಿಳಿಯುತ್ತದೆ.)

ಹೆಬ್ಬಾಳದ ಕಡೆಯ ಒಂದು ಸರಗಳ್ಳತನದ ಮೊಕದ್ದಮೆ. ಕಣ್ಣಾರೆ ಕಂಡ ಸಾಕ್ಷಿ ಹೂ ಮಾರುವ ಹೆಂಗಸು. ಹೊತ್ತು ಮುಳುಗಿತ್ತೆ? ಮುಳುಗಿತ್ತು. ಬೀದಿದೀಪ? ಉರಿಯುತ್ತಿರಲಿಲ್ಲ. ಓಡುತ್ತಿದ್ದವನ ಬೆನ್ನು ತಾನೆ ಕಂಡದ್ದು? ಹೌದು. “ಆದರೆ ಸ್ವಾಮಿ...” ಎಂದಳು. “ಕೇಳಿದ್ದಕ್ಕಷ್ಟೇ ಹೇಳಮ್ಮ” ಎಂದು ಕುಳಿತೆ.

ಆ ‘ಆದರೆ’ಯ ಮುಂದಿನದು ನನಗೆ ಗೊತ್ತಿತ್ತು. ಅವನು ದಿನವೂ ಅವಳ ಬಳಿ ಹೂ ಕೊಳ್ಳುತ್ತಿದ್ದವನು. ಬೆನ್ನು ಕಂಡರೂ ಗುರುತು ಹಿಡಿಯುವಷ್ಟು ಪರಿಚಯ. ಪೊಲೀಸರ ಹೇಳಿಕೆಯಲ್ಲಿ ಅದು ಬಂದಿರಲಿಲ್ಲ. ಸರ್ಕಾರಿ ವಕೀಲರು ಮರುವಿಚಾರಣೆಯಲ್ಲಿ ಕೇಳಬಹುದಿತ್ತು; ಕೇಳಲಿಲ್ಲ. ಸಂಶಯದ ಲಾಭ ದೊರೆತು ನನ್ನ ಕಕ್ಷಿಗಾರ ಬಿಡುಗಡೆಯಾದ.

ತಪ್ಪು ಮಾಡಿದೆನೆಂದು ಈಗಲೂ ಹೇಳಲಾರೆ. ಆ ಪ್ರಶ್ನೆಗಳನ್ನು ನುಂಗಿಕೊಂಡಿದ್ದರೆ ನನ್ನನ್ನು ನಂಬಿದವನಿಗೆ ದ್ರೋಹವಾಗುತ್ತಿತ್ತು. ಸಾಕ್ಷಿಯನ್ನು ಅವಮಾನಿಸುವ ಪ್ರಶ್ನೆಗಳನ್ನು ತಡೆಯುವ ಅಧಿಕಾರ ನ್ಯಾಯಾಧೀಶರಿಗಿದೆ. ನನ್ನವು ಮರ್ಯಾದಸ್ಥ ಪ್ರಶ್ನೆಗಳೇ. ಆದರೆ ಒಂದು ದಿನದ ವ್ಯಾಪಾರ ಬಿಟ್ಟು ನಿಜ ಹೇಳಲು ಬಂದವಳ ಋಣ ಯಾರ ಮೇಲೆ?

ಸಾಕ್ಷಿಕಟ್ಟೆಯಿಂದ ಇಳಿದವಳು ಜಗುಲಿಯಲ್ಲಿ ನನಗಾಗಿ ಕಾದಿದ್ದಳು. ಬಯ್ಯುತ್ತಾಳೆಂದುಕೊಂಡೆ.

“ನಾನು ಸುಳ್ಳು ಹೇಳಿದೆ ಅಂತ ಬರಕೊಂಡರಾ ಸ್ವಾಮಿ?”

“ಇಲ್ಲಮ್ಮ” ಎಂದೆ. ಅದೂ ನಿಜವೇ.