ಒಂಬತ್ತು ಇಂಚಿನ ಲೆಕ್ಕ

ಚಳಿಗಾಲ ಬಂತೆಂದರೆ ಹೊಲದಲ್ಲಿ ಕುಣಿ ತೋಡಿ, ಕುಳ್ಳಿನ ಕೆಂಡದಲ್ಲಿ ಜೋಳದ ಎಳೆ ತೆನೆ ಸುಟ್ಟು, ಬಿಸಿಬಿಸಿಯಾಗಿ ಉಜ್ಜಿ, ಶೇಂಗಾ ಚಟ್ನಿಯೊಂದಿಗೆ ಸೀತನಿ ತಿಂದು ಬೆಳೆದವರು ನಾವು. ಈಗ ಹೊಲವಿಲ್ಲ, ಬೆಳಗಾವಿಯ ಮನೆಗೊಂದು ಸಣ್ಣ ಹಿತ್ತಲಿದೆ. ಅಲ್ಲೇ ಒಂದು ಗ್ರಿಲ್ ಒಲೆ ಕಟ್ಟಿಸೋಣ, ತೆನೆಯನ್ನೂ ಸುಡಬಹುದು, ಬದನೆಕಾಯಿಯನ್ನೂ ಸುಡಬಹುದು ಎಂದರು ವೈನಿ. ಕಳೆದ ಡಿಸೆಂಬರಿನಲ್ಲಿ ರಜೆಗೆ ಬಂದಿದ್ದ ನನ್ನ ಪಾಲಿಗೆ ಇಟ್ಟಿಗೆ ಹುಡುಕುವ ಕೆಲಸ ಬಂತು.

ಮನೆ ಕಟ್ಟುವ ಕೆಂಪು ಇಟ್ಟಿಗೆ ಕೆಂಡದ ಪಕ್ಕದಲ್ಲಿ ಬಹಳ ಕಾಲ ಬಾಳುವುದಿಲ್ಲ. ಮತ್ತೆ ಮತ್ತೆ ಕಾದು ತಣಿದು ಬಿರುಕು ಬಿಡುತ್ತದೆ. ಒಳಗಿನ ತೇವ ಹಬೆಯಾಗಿ ಚಕ್ಕೆ ಹಾರುವುದೂ ಉಂಟು. ಅದಕ್ಕೇ ಫೈರ್ ಬ್ರಿಕ್ ಬೇಕು. ಅದು ಅಲ್ಯೂಮಿನಾ ಮತ್ತು ಸಿಲಿಕಾ ತುಂಬಿದ ಬೇರೆಯದೇ ಜೇಡಿಯ ಇಟ್ಟಿಗೆ. ಒಂಬತ್ತು ಇಂಚು ಉದ್ದ, ನಾಲ್ಕೂವರೆ ಅಗಲ, ಮೂರು ಇಂಚು ದಪ್ಪ, ತೂಕ ಸುಮಾರು ನಾಲ್ಕು ಕಿಲೋ. ಅಂಗಡಿಯಲ್ಲಿ ‘ಐಎಸ್ 6’, ‘ಐಎಸ್ 8’ ಎಂದು ಕೇಳುತ್ತಾರೆ. ಎಂಟು ಹೆಚ್ಚಿನ ಶಾಖದ್ದು. ಇದ್ದಿಲ ಒಲೆಗೆ ಆರು ಸಾಕು. ಬೆಂಡಿನಂತೆ ಹಗುರಾದ ಬಿಳಿ ಇಟ್ಟಿಗೆಯೂ ಸಿಗುತ್ತದೆ. ಆದರೆ ಅದು ಮೆದು, ಇಕ್ಕಳ ತಾಗಿದರೆ ಉದುರುತ್ತದೆ.

ಬೆಳಗಾವಿಯಲ್ಲಿ ಇಂಥ ಇಟ್ಟಿಗೆಗೆ ಬರವಿಲ್ಲ. ಉದ್ಯಮಬಾಗದ ಫೌಂಡ್ರಿಗಳ ಕುಲುಮೆಗಳಿಗೆ ಒಳಗೋಡೆ ಇದೇ. ಕುಲುಮೆಯಿಂದ ಕಿತ್ತ ಹಳೆಯ ಇಟ್ಟಿಗೆ ಗುಜರಿಯಲ್ಲಿ ಹೊಸದರ ಅರ್ಧ ಬೆಲೆಗೆ ಸಿಕ್ಕಿತು. ಯಾವ ಕುಲುಮೆಯದು ಎಂದು ಕೇಳಿದೆ. “ಅದೇನ್ ಗೊತ್ತಿಲ್ರಿ ಅಕ್ಕಾರ. ಬೆಂಕ್ಯಾಗ ಸುಟ್ಟಿದ್ದಕ್ಕ ಮೈಲಿಗಿ ಎಲ್ಲಿಂದ ಬರ್ತೈತಿ?” ಎಂದರು ಅಂಗಡಿಯವರು. ಮಾತು ಚೆನ್ನಾಗಿತ್ತು, ನನಗೆ ಧೈರ್ಯ ಬರಲಿಲ್ಲ. ಉಕ್ಕು, ಸಿಮೆಂಟಿನ ಕೆಲವು ಕುಲುಮೆಗಳ ಇಟ್ಟಿಗೆಯಲ್ಲಿ ಕ್ರೋಮಿಯಂ ಇರುತ್ತದೆ. ಬಳಕೆಯಾದ ಮೇಲೆ ಅದು ವಿಷಕಾರಿ ರೂಪಕ್ಕೆ ತಿರುಗಿರಬಹುದು. ಊಟದ ಪಕ್ಕ ಅದು ಬೇಡವೆಂದು ಹೊಸವೇ ನಲವತ್ತು ಕೊಂಡು ತಂದೆ. ಒಳಗೊಳಗೇ ಹೆಮ್ಮೆಯಾಗಿತ್ತು. ನನ್ನ ಪಿಎಚ್‌ಡಿ ವಿಷಯವೇ ಅಜ್ಞಾನ ಮತ್ತು ಹೊಣೆ. ಗೊತ್ತಿರಲಿಲ್ಲ ಎಂದ ಮಾತ್ರಕ್ಕೆ ತಪ್ಪಿನಿಂದ ಪಾರಾಗಲು ಆಗುವುದಿಲ್ಲ, ಗೊತ್ತು ಮಾಡಿಕೊಳ್ಳುವುದು ನಮ್ಮ ಕೈಯಲ್ಲಿತ್ತೇ ಎಂದೂ ಕೇಳಬೇಕು ಎನ್ನುತ್ತಾನೆ ಅರಿಸ್ಟಾಟಲ್. ಕುಡಿದ ಮತ್ತಿನಲ್ಲಿ ಅಪರಾಧ ಮಾಡಿದವನಿಗೆ ದುಪ್ಪಟ್ಟು ದಂಡ ಹಾಕುವ ಕಾನೂನನ್ನು ಅವನು ಉದಾಹರಣೆಯಾಗಿ ಕೊಡುತ್ತಾನೆ. ನಾನು ಕೇಳಿ ತಿಳಿದುಕೊಂಡೆ, ಆದ್ದರಿಂದ ಪಾರಾದೆ ಅಂದುಕೊಂಡೆ.

ಮರುದಿನ ಗೌಂಡಿ ಕಾಕಾ ಬಂದರು. ಒಂದು ದಿನದ ಕೆಲಸವೆಂದು ಗುತ್ತಿಗೆ ಮಾತಾಗಿತ್ತು. ಯಾವುದೋ ಚಿತ್ರ ನೋಡಿ ನಾನು ಬರೆದಿಟ್ಟ ಅಳತೆಯ ಚೀಟಿ ಕೊಟ್ಟೆ: ಅಗಲ ಮೂವತ್ತು ಇಂಚು, ಉದ್ದ ಇಪ್ಪತ್ತು. ಅವರು ಗ್ರೈಂಡರ್ ಹಚ್ಚಿ ಇಟ್ಟಿಗೆ ಕೊಯ್ಯತೊಡಗಿದರು. ಕ್ಷಣದಲ್ಲಿ ಹಿತ್ತಲೆಲ್ಲ ಬೆಳ್ಳಗಾಯಿತು. ವೈನಿ ಅಡುಗೆಮನೆಯ ಕಿಟಕಿ ಮುಚ್ಚಿದರು, ಒಣಹಾಕಿದ ಬಟ್ಟೆ ಒಳಗೆ ಒಯ್ದರು. ನಾನು ವೇಲನ್ನು ಮೂಗಿಗೆ ಹಿಡಿದು ಬಾಗಿಲಲ್ಲಿ ನಿಂತೆ. ಆರನೇ ಇಟ್ಟಿಗೆಯ ಹೊತ್ತಿಗೆ ನನ್ನ ಕೈ ಎಲ್ಲಿದೆಯೆಂದು ನನಗೆ ಕಂಡಿತು.

ಆ ಧೂಳಿನಲ್ಲಿರುವುದು ಸಿಲಿಕಾ. ಅದರ ನುಣುಪು ಕಣ ಶ್ವಾಸಕೋಶಕ್ಕೆ ಇಳಿದರೆ ವರ್ಷಗಳ ಮೇಲೆ ಸಿಲಿಕೋಸಿಸ್ ಆಗಿ ಕಾಣಿಸಿಕೊಳ್ಳುತ್ತದೆ. ವಾಸಿ ಮಾಡುವ ಔಷಧವಿಲ್ಲ. ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಸ್ಲೇಟಿನ ಬಳಪ ಕೊಯ್ಯುತ್ತಿದ್ದ ಎಷ್ಟೋ ಕಾರ್ಮಿಕರು ಇದೇ ರೋಗದಿಂದ ಸತ್ತರು. ಮಕ್ಕಳು ಅಕ್ಷರ ತಿದ್ದಿದ ಬಳಪದ ಹಿಂದೆ ಆ ಉಸಿರುಗಳಿದ್ದವು. ಇದೆಲ್ಲ ನಾನು ಓದಿ ಬಲ್ಲದ್ದೇ. ಅಂದರೆ ನಾನು ಅಜ್ಞಾನಿಯೂ ಆಗಿರಲಿಲ್ಲ. ಉಣ್ಣುವವರ ಪರವಾಗಿ ಗುಜರಿಯಲ್ಲಿ ಹತ್ತು ಪ್ರಶ್ನೆ ಕೇಳಿದವಳು ಕೊಯ್ಯುವವರ ಪರವಾಗಿ ಒಂದನ್ನೂ ಕೇಳಿರಲಿಲ್ಲ, ಅಷ್ಟೇ.

ನಿಲ್ಲಿಸಲು ಹೇಳಿ, ಬಾಯಿಗೆ ಬಟ್ಟೆಯಾದರೂ ಕಟ್ಟಿಕೊಳ್ಳಿ ಕಾಕಾ ಎಂದೆ. “ಮೂವತ್ತು ವರ್ಷಾತು, ಏನೂ ಆಗಿಲ್ಲ ಬಿಡ್ರಿ” ಎಂದು ನಕ್ಕರು. ಅವರೇ ಒಪ್ಪಿರುವಾಗ ನನ್ನದೇನು ಎಂದು ಅಲ್ಲಿಗೇ ಬಿಡಬಹುದಿತ್ತು. ಆದರೆ ಒಂದೇ ದಿನದಲ್ಲಿ ಮುಗಿಯಬೇಕೆಂದು ದರ ಕಟ್ಟಿದವರು ನಾವು. ಗ್ರೈಂಡರಿನ ವೇಗ ಆ ದರದೊಳಗೇ ಇತ್ತು. ನಿಧಾನ ಮಾಡಿದರೆ ನಷ್ಟ ಅವರಿಗೇ ಆಗುವಂತಿರುವಾಗ ಅವರ ಒಪ್ಪಿಗೆಯನ್ನು ನನ್ನ ಪರವಾದ ಸಾಕ್ಷಿಯಾಗಿ ನಿಲ್ಲಿಸುವುದು ನ್ಯಾಯವಲ್ಲ.

ಹಾಗಾದರೆ ಕೊಯ್ಯದೆ ಕಟ್ಟಲು ಬರುತ್ತದೆಯೇ ಎಂದು ಕೇಳಿದೆ. ಕಾಕಾ ಇಟ್ಟಿಗೆಯ ಮೇಲೆ ಗೇಣು ಇಟ್ಟು ತೋರಿಸಿದರು. “ಇಟ್ಟಂಗಿ ಒಂಬತ್ತು ಇಂಚಿಂದು. ಇಪ್ಪತ್ತೇಳು, ಹದಿನೆಂಟು ಅಂತ ಅಳತಿ ಹಿಡದ್ರ ತಳಕ್ಕ ಹನ್ನೆರಡು ಇಡಿ ಇಟ್ಟಂಗಿ ಸರಿಯಾಗಿ ಕೂಡ್ತಾವ. ಒಂದೂ ಕೊಯ್ಯೂದು ಬ್ಯಾಡ.” ಮೊದಲೇ ಯಾಕೆ ಹೇಳಲಿಲ್ಲ ಎಂದೆ. “ಕೇಳಿದ್ರ ಹೇಳ್ತಿದ್ದೆ ತಂಗ್ಯವ್ವ. ನೀವು ಚೀಟಿ ಕೊಟ್ರಿ, ನಾ ಕೊಯ್ದೆ.”

ಗುತ್ತಿಗೆ ಬಿಟ್ಟು ದಿನಗೂಲಿಯ ಲೆಕ್ಕ ಮಾಡಿಕೊಂಡೆವು. ಮರಳಿನ ಮೇಲೆ ಇಟ್ಟಿದ್ದ ತಳ ಬಿಚ್ಚಿ ಹೊಸ ಅಳತೆ ಹಿಡಿದರು. ಗೋಡೆಯ ಸಂದು ತಪ್ಪಿಸಲು ಬೇಕಾದ ನಾಲ್ಕು ಅರ್ಧ ಇಟ್ಟಿಗೆಗಳನ್ನು ನೀರಲ್ಲಿ ನೆನೆಸಿಟ್ಟ ಇಟ್ಟಿಗೆಯಿಂದ ಉಳಿ ಸುತ್ತಿಗೆಯಲ್ಲಿ ಒಡೆದರು. ಕೆಲಸ ಎರಡನೇ ದಿನಕ್ಕೆ ಹೋಯಿತು. ತೇವ ಆರಲೆಂದು ಒಂದು ವಾರ ಬಿಟ್ಟು, ಮೊದಮೊದಲು ಸಣ್ಣ ಬೆಂಕಿಯನ್ನಷ್ಟೇ ಹಾಕಿದೆವು. ಜನವರಿಯಲ್ಲಿ ಸೀತನಿ ಸುಟ್ಟ ದಿನ ಕಾಕಾನೂ ಬಂದಿದ್ದರು. ತೆನೆ ಉಜ್ಜುವುದರಲ್ಲಿ ನಮ್ಮೆಲ್ಲರನ್ನೂ ಹಿಂದೆ ಹಾಕಿದರು.

ಮೊದಲು ಕೊಯ್ದ ಆರು ಇಟ್ಟಿಗೆಯ ತುಂಡುಗಳು ಹಿತ್ತಲ ಮೂಲೆಯಲ್ಲಿ ಇನ್ನೂ ಬಿದ್ದಿವೆ. ಅವುಗಳ ಧೂಳನ್ನು ಯಾರೂ ಮರಳಿ ತೆಗೆಯಲಾರರು. ನನ್ನ ಪ್ರಬಂಧದ ಮೂರನೇ ಅಧ್ಯಾಯದಲ್ಲಿ ‘ತಿಳಿಯಬಹುದಾಗಿದ್ದ ಸಂಗತಿ’ ಎಂಬ ಮಾತನ್ನು ಎಷ್ಟೋ ಸಲ ಬಳಸಿದ್ದೇನೆ. ಅದನ್ನು ಯಾರಿಂದ ತಿಳಿಯಬಹುದಾಗಿತ್ತು ಎಂದು ಒಂದು ಕಡೆಯೂ ಬರೆದಿರಲಿಲ್ಲ. ಆ ಅಧ್ಯಾಯವನ್ನು ಈಗ ತಿದ್ದುತ್ತಿದ್ದೇನೆ.