ಮೂರನೆಯ ಕಾಲುಭಾಗ

ವಿದ್ಯೆ ಹೇಗೆ ಕೂಡಿಬರುತ್ತದೆ ಎಂಬುದಕ್ಕೆ ಹಳೆಯ ಸುಭಾಷಿತವೊಂದು ಲೆಕ್ಕ ಕೊಡುತ್ತದೆ: ಕಾಲುಭಾಗ ಗುರುವಿನಿಂದ, ಕಾಲುಭಾಗ ಸ್ವಂತ ಬುದ್ಧಿಯಿಂದ, ಕಾಲುಭಾಗ ಸಹಪಾಠಿಗಳಿಂದ, ಮಿಕ್ಕದ್ದು ಕಾಲ ಸರಿದಂತೆ. ಶಿಕ್ಷಕರ ದಿನಾಚರಣೆಯಲ್ಲಿ ಮೊದಲ ಪಾದಕ್ಕೇ ಚಪ್ಪಾಳೆ ಮುಗಿದುಹೋಗುತ್ತದೆ. ದುಡಿಯುತ್ತ ಎಂ.ಎ., ಎಂ.ಎಸ್ಸಿ. ಓದುವವರ ಕಡೆಯಿಂದ ನೋಡಿದರೆ ಶ್ಲೋಕದ ತೂಕವೆಲ್ಲ ಮೂರನೆಯ ಪಾದದಲ್ಲಿದೆ.

ಮೈಸೂರು, ಧಾರವಾಡದಂಥ ಊರುಗಳಲ್ಲಿ ಇವರು ಬೆಳಗ್ಗೆ ಪೇಪರ್ ಹಾಕುತ್ತಾರೆ, ಸಂಜೆ ಟ್ಯೂಷನ್ ಹೇಳುತ್ತಾರೆ, ರಾತ್ರಿ ಬೈಕಿನಲ್ಲಿ ಊಟದ ಪಾರ್ಸೆಲ್ ತಲುಪಿಸುತ್ತಾರೆ. ಮುಹೂರ್ತವಿದ್ದ ದಿನ ಕಲ್ಯಾಣ ಮಂಟಪದಲ್ಲಿ ಬಡಿಸಲು ನಿಲ್ಲುತ್ತಾರೆ. ಅವರ ಮಾತಿನಲ್ಲಿ ಅದು ‘ಕೇಟರಿಂಗ್‌ಗೆ ಹೋಗೋದು’. ಲಗ್ನದ ಸೀಸನ್ ಪಂಚಾಂಗದ ಮಾತು ಕೇಳುತ್ತದೆ, ವಿಶ್ವವಿದ್ಯಾಲಯದ್ದಲ್ಲ. ವೈಶಾಖದಲ್ಲಿ ಫೋನಿನ ಮೇಲೆ ಫೋನು, ಆಷಾಢದಲ್ಲಿ ಜೇಬು ಖಾಲಿ.

ಇಷ್ಟಾದರೂ ಗುರುವಿನ ಪಾಲು ಹೇಗೋ ದಕ್ಕುತ್ತದೆ, ಶೇ. 75 ಹಾಜರಾತಿಯ ಹೆದರಿಕೆ ಇದೆಯಲ್ಲ. ಸ್ವಂತ ಬುದ್ಧಿಯ ಪಾಲನ್ನು ನಿದ್ದೆಯಿಂದ ಕಿತ್ತುಕೊಳ್ಳಬಹುದು. ‘ನಾಲ್ಕಕ್ಕೆ ಏಳು, ಟೈಮ್‌ಟೇಬಲ್ ಹಾಕ್ಕೋ’ ಎಂಬ ಉಪದೇಶಗಳೆಲ್ಲ ಈ ಎರಡು ಪಾದ ದಾಟುವುದಿಲ್ಲ. (ಉಪದೇಶಿಸುವವರು ರಾತ್ರಿ ಹತ್ತಕ್ಕೇ ಮಲಗಿದವರು.)

ಕೈತಪ್ಪುವುದು ಕ್ಲಾಸು ಬಿಟ್ಟ ಮೇಲಿನ ಹೊತ್ತು. ಮೇಷ್ಟ್ರ ಎದುರು ಕೇಳಲು ನಾಚಿದ ಪ್ರಶ್ನೆ ಕ್ಯಾಂಟೀನಿನ ಕಟ್ಟೆಯ ಮೇಲೆ ಸಲೀಸಾಗಿ ಬಾಯಿಗೆ ಬರುತ್ತದೆ. ನೆಟ್ ಅರ್ಜಿಗೆ ಕೊನೆಯ ದಿನ ಯಾವುದು, ಲೈಬ್ರರಿಯಲ್ಲಿ ಸಿಗದ ಪುಸ್ತಕ ಯಾರ ರೂಮಿನಲ್ಲಿದೆ, ಯಾವ ಗೈಡ್ ಸಿಡುಕರು — ಇವೆಲ್ಲ ಅಲ್ಲೇ ತಿಳಿಯುವುದು. ಸೆಮಿನಾರಿನ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ನಡೆವ ಜಗಳದಲ್ಲಿ ಎಷ್ಟೋ ಸಲ ಪಾಠಕ್ಕಿಂತ ಹೆಚ್ಚು ತಿಳಿಯುತ್ತದೆ. ಆ ಹೊತ್ತಿಗೆ ದುಡಿಯುವವನು ಯಾರದೋ ಗೇಟಿನ ಮುಂದೆ ಓಟಿಪಿ ಕೇಳುತ್ತಿರುತ್ತಾನೆ. ನಾವು ಓದು, ಕೆಲಸ, ಸ್ವಂತ ಬದುಕು ಎಂದು ಮೂರು ಬೇರೆ ಬೇರೆ ಖಾತೆ ತೆರೆಯುತ್ತೇವೆ. ಶ್ಲೋಕ ಮಾಡಿದವನು ಗೆಳೆತನವನ್ನು ವಿದ್ಯೆಯ ಖಾತೆಗೇ ಜಮಾ ಮಾಡಿದ್ದಾನೆ. ಸಮಯ ಸಾಲದೆಂದು ಸ್ನೇಹಿತರನ್ನು ಬಿಟ್ಟವರು ಓದನ್ನೇ ಅಷ್ಟು ಬಿಟ್ಟಂತೆ.

ಬಡ ವಿದ್ಯಾರ್ಥಿಯ ಹಸಿವು ಹೊಸದಲ್ಲ. ಹಿಂದೆ ವಾರಾನ್ನವಿತ್ತು: ದಿನಕ್ಕೊಂದು ಮನೆಯ ಊಟ, ಜೊತೆಗೆ ಹಂಗು, ಜಾತಿಯ ಬೇಲಿ. ತುಮಕೂರಿನ ಸಿದ್ಧಗಂಗಾ ಮಠದಂಥ ಕಡೆ ಉಚಿತ ಊಟ-ವಸತಿ ಬಂದಾಗ ಹೊಟ್ಟೆಯ ಜೊತೆಗೆ ಸಾವಿರಾರು ಮಕ್ಕಳ ಮೂರನೆಯ ಪಾದವೂ ತುಂಬಿತು. ಒಂದೇ ಪಂಕ್ತಿಯಲ್ಲಿ ಉಂಡು ಒಟ್ಟಿಗೆ ಓದಿದರು. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರು ದುಡಿಮೆಯನ್ನೇ ವಿದ್ಯಾಲಯದ ಒಳಗೆ ತಂದರು. ಪುಣೆ ವಿಶ್ವವಿದ್ಯಾಲಯದಲ್ಲಿ ‘ಗಳಿಸು, ಕಲಿ’ ಯೋಜನೆಗೆ ಇಂದಿಗೂ ಅವರದೇ ಹೆಸರು. ಅಮೆರಿಕಕ್ಕೆ ಓದಲು ಹೋದ ನಮ್ಮ ಮಕ್ಕಳಿಗೆ ತರಗತಿಗಳು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯ ಮಿತಿ. ಕೆಲಸ ವಿಭಾಗದಲ್ಲೋ ಲೈಬ್ರರಿಯಲ್ಲೋ ಸಿಕ್ಕಿದರೆ ಸಂಬಳದ ಜೊತೆ ಸಹಪಾಠಿಗಳೂ ಸಿಕ್ಕಂತೆ. ನಮ್ಮಲ್ಲಿ ಸಂಜೆಯ ಲೈಬ್ರರಿ ನೋಡಿಕೊಳ್ಳಲು ಎಂ.ಎ. ಹುಡುಗಿಯೊಬ್ಬಳಿಗೆ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟರೆ ಏನು ಮುಳುಗಿಹೋಗುತ್ತದೋ ನನಗೆ ಅರ್ಥವಾಗಿಲ್ಲ.

ನಾಲ್ಕನೆಯ ಪಾದದ ಬಗ್ಗೆ ಮಾತ್ರ ನನಗೆ ತಕರಾರಿದೆ. ಕಾಲ ಎಲ್ಲರಿಗೂ ತಾನಾಗಿ ಒದಗುತ್ತದೆಂದು ಶ್ಲೋಕ ನಂಬಿದೆ. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಿಂದ ದುಡಿಯುವವರಿಗೆ ಕಾಲವನ್ನೇನೋ ಸಡಿಲ ಮಾಡಿಕೊಟ್ಟಿದೆ, ಆದರೆ ಅಲ್ಲಿ ಜೊತೆಗಾರರು ಸಿಗುವುದು ಸಂಪರ್ಕ ತರಗತಿಯ ದಿನಗಳಲ್ಲಷ್ಟೆ. ರೆಗ್ಯುಲರ್ ಓದಿಗೆ ಎರಡೇ ವರ್ಷ. ಅಷ್ಟರಲ್ಲೇ ಊರಿನಿಂದ ಅಪ್ಪನ ಫೋನು: ‘ಇನ್ನೂ ಎಷ್ಟು ದಿನ ಓದ್ತೀಯಪ್ಪ?’ ಮಗಳಾದರೆ ಆ ಪ್ರಶ್ನೆಯೂ ಇಲ್ಲ. ಕೊನೆಯ ಸೆಮಿಸ್ಟರಿನ ಹೊತ್ತಿಗೆ ಗಂಡಿನ ಕಡೆಯವರು ಬರುವ ದಿನ ಗೊತ್ತಾಗಿರುತ್ತದೆ.